ಖಾಲಿ ಮಿನಿ ಕೆಗ್‌ನಲ್ಲಿ ಮನೆಯ ಬಿಯರ್: ಸಕ್ಕರೆ ಎಷ್ಟು, ಬಿರಡೆ ಹೇಗೆ?

ತಳದಗಸಿ ಕೇಳಿದ್ದು:

5 ಲೀಟರಿನ ತಗಡಿನ ಮಿನಿ ಕೆಗ್ ನಾಲ್ಕು ಖಾಲಿ ಇವೆ. ಮೇಲೆ ರಬ್ಬರ್ ಬಿರಡೆ, ಕೆಳಗೆ ಹೊರಕ್ಕೆ ಎಳೆದು ತಿರುಗಿಸುವ ಪ್ಲಾಸ್ಟಿಕ್ ನಲ್ಲಿ ಇರುವ ಬಗೆ. ಇವನ್ನು ತೊಳೆದು ಮನೆಯಲ್ಲಿ ಮಾಡಿದ ಬಿಯರ್ ತುಂಬಬೇಕು ಅಂತಿದ್ದೇನೆ.

ಹುದುಗುಪಾತ್ರೆಯಲ್ಲಿ ಈಗ 20 ಲೀಟರ್ ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆಯ ಬಿಯರ್) ಇದೆ. ಶುರುವಿನ ಸಾಂದ್ರತೆ 1.048, ಇವತ್ತಿನ ಹೈಡ್ರೋಮೀಟರ್ (ಸಾಂದ್ರತೆ ಅಳೆಯುವ ತೇಲುಕೊಳವೆ; ಸಕ್ಕರೆ ಹುದುಗಿದಂತೆ ಓದು ಇಳಿಯುತ್ತದೆ) ಓದು 1.014. ಪಾತ್ರೆಯ ಗ್ಯಾಸು ಹೊರಬಿಡುವ ಏರ್‌ಲಾಕ್‌ನಲ್ಲಿ ಗುಳ್ಳೆ ಬರುವುದು ನಿಂತು ಎರಡು ದಿನವಾಯಿತು. ಬಿಯರ್ ಇರುವ ಕೋಣೆ 26ರಿಂದ 28 ಡಿಗ್ರಿ. ಗ್ಯಾಸು ಹುಟ್ಟಲೆಂದು ಬಾಟಲಿಗೆ ಹಾಕುವ ಲೆಕ್ಕದಲ್ಲೇ ಲೀಟರಿಗೆ 7 ಗ್ರಾಂ, ಅಂದರೆ ಒಂದು ಕೆಗ್‌ಗೆ 35 ಗ್ರಾಂ ಸಕ್ಕರೆ ಹಾಕಿದರೆ ಸರಿಯೇ? ಹಳೆಯ ಬಿರಡೆಯನ್ನೇ ಮತ್ತೆ ಹಾಕಬಹುದೇ? ಕೆಗ್ ತುಂಬಿ ಉಳಿದದ್ದನ್ನು ಸೋಡಾ ಬಾಟಲಿ, ರಬ್ಬರ್ ಉಂಗುರದ ಮುಚ್ಚಳವಿರುವ ಗಾಜಿನ ಜಾಡಿ, 10 ಲೀಟರಿನ ಪ್ಲಾಸ್ಟಿಕ್ ಕ್ಯಾನ್ ಇವುಗಳಲ್ಲಿ ಯಾವುದಕ್ಕೆ ಹಾಕಬಹುದು?

ಬಾರ್‌ಲೆಕ್ಕ:

ಇವತ್ತು ತುಂಬಬೇಡಿ. ಮಿಕ್ಕ ಪ್ರಶ್ನೆಗಳೆಲ್ಲ ಆಮೇಲೆ.

ಏರ್‌ಲಾಕ್ ಸುಮ್ಮನಾಯಿತು ಎಂದ ಮಾತ್ರಕ್ಕೆ ಹುದುಗುವಿಕೆ ಮುಗಿದಿದೆ ಎನ್ನಲಾಗದು. ಮುಚ್ಚಳದ ಸಂದಿನಲ್ಲಿ ಗ್ಯಾಸು ಸೋರಿದರೂ ಗುಳ್ಳೆ ನಿಲ್ಲುತ್ತದೆ, ಕೋಣೆ ಒಂದೆರಡು ಡಿಗ್ರಿ ತಣ್ಣಗಾದರೂ ನಿಲ್ಲುತ್ತದೆ. ಇನ್ನು ಆ 1.014. ಹೈಡ್ರೋಮೀಟರಿನ ಗೆರೆಗಳನ್ನು ಸಾಮಾನ್ಯವಾಗಿ 20 ಡಿಗ್ರಿಗೆ ಹೊಂದಿಸಿರುತ್ತಾರೆ. ನಿಮ್ಮ ಬಿಯರ್ 28 ಡಿಗ್ರಿ ಇದ್ದಾಗ ಓದಿದ್ದರೆ ನಿಜವಾದ ಬೆಲೆ ಸುಮಾರು 0.002 ಹೆಚ್ಚು, ಅಂದರೆ 1.016. ಜೊತೆಗೆ ಮಾದರಿಯಲ್ಲಿ ಗ್ಯಾಸು ಉಳಿದಿದ್ದರೆ ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿ ಅದನ್ನು ಮೇಲೆತ್ತುತ್ತವೆ, ಓದು ಇನ್ನೊಂದು ಕಡೆಗೆ ತಪ್ಪುತ್ತದೆ. ಮಾದರಿಯನ್ನು ಎರಡು ಲೋಟಗಳ ನಡುವೆ ಹತ್ತು ಸಲ ಹೊಯ್ದಾಡಿಸಿ ಗ್ಯಾಸು ಬಿಡಿಸಿ, 20 ಡಿಗ್ರಿಗೆ ತಣಿಸಿ, ಆಮೇಲೆ ಓದಿ. ಎರಡು ದಿನ ಬಿಟ್ಟು ಮತ್ತೆ ಓದಿ, ಇನ್ನೆರಡು ದಿನ ಬಿಟ್ಟು ಇನ್ನೊಮ್ಮೆ. ಮೂರೂ ಒಂದೇ ಬಂದರೆ ಬಿಯರ್ ನಿಂತಿದೆ.

ನಿಂತದ್ದು ಮುಗಿದು ನಿಂತದ್ದೋ, ಯೀಸ್ಟ್ ಸುಸ್ತಾಗಿ ನಿಂತದ್ದೋ ತಿಳಿಯಲು ಪಕ್ಕದಲ್ಲೇ ಒಂದು ಪರೀಕ್ಷೆ ಮಾಡಿ. 250 ಮಿಲಿ ಬಿಯರನ್ನು ಬೇರೆ ತೆಗೆದು, ಅದೇ ಬಗೆಯ ಒಣ ಯೀಸ್ಟ್ ಒಂದೆರಡು ಚಿಟಿಕೆ ಉದುರಿಸಿ, ಬೆಚ್ಚಗಿನ ಜಾಗದಲ್ಲಿಟ್ಟು ದಿನಕ್ಕೆ ನಾಲ್ಕೈದು ಸಲ ಅಲುಗಾಡಿಸಿ. ಬಾಯಿಗೆ ಬಿಗಿ ಮುಚ್ಚಳ ಬೇಡ, ಹಾಳೆ ಮುಚ್ಚಿದರೆ ಸಾಕು. ಮೂರು ದಿನದ ಮೇಲೆ ಅದು 1.010 ತೋರಿಸಿ ನಿಮ್ಮ ಪಾತ್ರೆ 1.014ರಲ್ಲೇ ಇದ್ದರೆ ಕೆಲಸ ಇನ್ನೂ ಬಾಕಿ ಇದೆ.

ಇಷ್ಟು ಹಟ ಯಾಕೆಂದರೆ ಸಾಂದ್ರತೆಯ ಪ್ರತಿ 0.001 ಇಳಿತಕ್ಕೂ ಒಂದು ಲೀಟರಿನಲ್ಲಿ ಸುಮಾರು 1 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಬಿಯರ್ ಮಾಡುವವರ ಅಳತೆಯಲ್ಲಿ ಇದು ಹತ್ತಿರಹತ್ತಿರ ಅರ್ಧ ವಾಲ್ಯೂಮ್. ಒಂದು ವಾಲ್ಯೂಮ್ ಎಂದರೆ ಒಂದು ಲೀಟರ್ ಬಿಯರಿನಲ್ಲಿ ಕರಗಿದ ಒಂದು ಲೀಟರ್ ಗ್ಯಾಸು, ತೂಕದಲ್ಲಿ 1.96 ಗ್ರಾಂ. ಮುಚ್ಚಿದ ಕೆಗ್‌ನೊಳಗೆ 1.014 ಇಳಿದು 1.010 ಆದರೆ ಸಕ್ಕರೆ ಹಾಕದೆಯೇ 2 ವಾಲ್ಯೂಮ್ ಬಂದುಬಿಡುತ್ತದೆ.

ಈಗ ಸಕ್ಕರೆ. 1 ಗ್ರಾಂ ಸಾಮಾನ್ಯ ಸಕ್ಕರೆ ಸುಮಾರು 0.51 ಗ್ರಾಂ ಗ್ಯಾಸು ಕೊಡುತ್ತದೆ. ಲೀಟರಿಗೆ 7 ಗ್ರಾಂ ಹಾಕಿದರೆ 3.6 ಗ್ರಾಂ, ಅಂದರೆ 1.8 ವಾಲ್ಯೂಮ್. 26 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ಮೊದಲೇ 0.7ರಷ್ಟು ಉಳಿದಿರುತ್ತದೆ. ಒಟ್ಟು 2.5. ಬಾಯಿಗೆ ಇದು ಒಳ್ಳೆಯ ಅಳತೆಯೇ, ಬಾಟಲಿಗೆ ಎಲ್ಲರೂ ಇಷ್ಟೇ ಇಡುವುದು. ಆದರೆ ಕೆಗ್‌ನ ತಗಡಿನ ಮೇಲೆ ಬೀಳುವ ಒತ್ತಡ ಉಷ್ಣತೆಯ ಜೊತೆ ಏರುತ್ತದೆ. 2.5 ವಾಲ್ಯೂಮ್ ಇರುವ ಬಿಯರ್ 20 ಡಿಗ್ರಿಯಲ್ಲಿ ಹೊರಗಿನ ಗಾಳಿಗಿಂತ 1.9 ಬಾರ್ (ಒತ್ತಡದ ಅಳತೆ, 1 ಬಾರ್ ಸುಮಾರು ಹೊರಗಾಳಿಯ ಒತ್ತಡದಷ್ಟು) ಹೆಚ್ಚು ಒತ್ತಿದರೆ, 28ರಲ್ಲಿ 2.6ರ ಹತ್ತಿರ, 35ರಲ್ಲಿ 3ನ್ನು ದಾಟುತ್ತದೆ. ಮೇಲೆ ಹೇಳಿದ ಆ 2 ವಾಲ್ಯೂಮನ್ನೂ ಸೇರಿಸಿ: 28 ಡಿಗ್ರಿಯಲ್ಲಿ 5.5 ಬಾರ್.

ಮಿನಿ ಕೆಗ್‌ನ ಗೋಡೆ ದುಂಡಗಿದೆ, ಅದು ತಡೆಯುತ್ತದೆ. ಸೋಲುವುದು ತಳ ಮತ್ತು ಮೇಲ್ಭಾಗ. 16 ಸೆಂಟಿಮೀಟರ್ ಅಗಲದ ತಳಕ್ಕೆ ಸುಮಾರು 200 ಚದರ ಸೆಂಟಿಮೀಟರ್ ವಿಸ್ತೀರ್ಣ. 2 ಬಾರ್ ಒತ್ತಡವೆಂದರೆ ಆ ತೆಳು ತಗಡಿನ ಮೇಲೆ 400 ಕಿಲೋ ಭಾರ ಕೂತ ಹಾಗೆ. ಒಳಮುಖವಾಗಿ ಬಾಗಿರುವ ತಳ ಒಂದು ಹಂತದಲ್ಲಿ ದಢಾರ್ ಎಂದು ಹೊರಕ್ಕೆ ಮಗುಚುತ್ತದೆ.

ಹಾಗಾಗಿ ಮಿನಿ ಕೆಗ್‌ಗೆ ಬಾಟಲಿಯ ಅರ್ಧಕ್ಕಿಂತ ಕಡಿಮೆ ಸಕ್ಕರೆ. ನಿಮ್ಮ ಕೋಣೆಯ ಉಷ್ಣತೆಗೆ ಲೀಟರಿಗೆ 3 ಗ್ರಾಂ, ಕೆಗ್‌ಗೆ 15 ಗ್ರಾಂ. ಇದರಿಂದ ಒಟ್ಟು 1.5 ವಾಲ್ಯೂಮ್ ಬರುತ್ತದೆ, 28 ಡಿಗ್ರಿಯಲ್ಲಿ 1.2 ಬಾರ್. ಬಾಟಲಿ ಬಿಯರಿನ ಚುರುಕು ಇರುವುದಿಲ್ಲ, ಮೆತ್ತಗಿನ ನೊರೆ ಇರುತ್ತದೆ. ಪೇಲ್ ಏಲ್‌ಗೆ ಅದು ಕೊರತೆಯೆಂದು ನನಗನಿಸುವುದಿಲ್ಲ. ಇಡೀ ಸಮಯ 20 ಡಿಗ್ರಿ ಮೀರದ ಜಾಗ ಸಿಕ್ಕರೆ 17-18 ಗ್ರಾಂ ತನಕ ಹೋಗಬಹುದು.

ಸಕ್ಕರೆಯನ್ನು ಚಮಚದಲ್ಲಿ ಅಳೆಯಬೇಡಿ. ಕಾಳು ದಪ್ಪವಿದ್ದರೆ ಒಂದು ತೂಕ, ನುಣ್ಣಗಿದ್ದರೆ ಇನ್ನೊಂದು. 15 ಗ್ರಾಂ ತೂಗಿ, 50 ಮಿಲಿ ನೀರಿನಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ಮೊದಲು ಕೆಗ್‌ಗೆ ಹೊಯ್ದು, ಅದರ ಮೇಲೆ ಬಿಯರ್ ಬಿಡಿ. ಒಣ ಸಕ್ಕರೆಯನ್ನು ತುಂಬಿದ ಕೆಗ್‌ಗೆ ಸುರಿದರೆ ಬಿಯರ್ ನೊರೆಯಾಗಿ ಬಾಯಿಂದ ಉಕ್ಕುತ್ತದೆ.

ಇನ್ನೊಂದು ಎಚ್ಚರಿಕೆ. ಸೈಸನ್ ಎಂಬ ಬಗೆಯ ಬಿಯರಿಗೆ ಬಳಸುವ ಕೆಲವು ಯೀಸ್ಟ್ ತಳಿಗಳು ಉಳಿದ ಯೀಸ್ಟ್‌ಗಳು ಮುಟ್ಟದ ಡೆಕ್ಸ್ಟ್ರಿನ್ನುಗಳನ್ನೂ (ಉದ್ದ ಸರಪಳಿಯ ಸಕ್ಕರೆಗಳು) ಒಡೆದು ವಾರಗಟ್ಟಲೆ ನಿಧಾನವಾಗಿ ಹುದುಗಿಸುತ್ತಾ ಹೋಗುತ್ತವೆ. ಪೊಟ್ಟಣದ ಮೇಲೆ ಡಯಾಸ್ಟಾಟಿಕಸ್ ಎಂದಿದ್ದರೆ ಆ ಬಿಯರ್ ತಗಡಿನ ಕೆಗ್‌ಗೆ ಬೇಡವೇ ಬೇಡ.

ಬಿರಡೆಭದ್ರ:

ಮೇಲಿನ ಲೆಕ್ಕಕ್ಕೆ ನನ್ನ ಒಪ್ಪಿಗೆ ಇದೆ. ಕೆಗ್‌ನ ಬಗ್ಗೆ ಮಾತ್ರ ಹೇಳುತ್ತೇನೆ.

ಈ ಕೆಗ್ ಸ್ಟೇನ್‌ಲೆಸ್ ಸ್ಟೀಲ್ ಅಲ್ಲ. ಸಾದಾ ಉಕ್ಕಿನ ತಗಡಿಗೆ ತವರ ಬಳಿದು, ಒಳಗೆ ಮೆರುಗೆಣ್ಣೆಯಂಥ ತೆಳು ಲೇಪ ಕೊಟ್ಟಿರುತ್ತಾರೆ. ಆ ಲೇಪ ಇರುವ ತನಕ ಕೆಗ್ ಇದೆ, ಅದು ಹೋದ ಜಾಗದಲ್ಲಿ ಬಿಯರಿನ ಹುಳಿ ನೇರವಾಗಿ ಕಬ್ಬಿಣವನ್ನು ಮುಟ್ಟುತ್ತದೆ. ಲೀಟರಿಗೆ 1 ಮಿಲಿಗ್ರಾಂ ಆಸುಪಾಸು ಕಬ್ಬಿಣ ಸೇರಿದರೂ ನಾಲಿಗೆಗೆ ರಕ್ತದ ರುಚಿ ಸಿಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೂ ಬಿಯರ್ ಬೇಗ ಹಳಸುತ್ತದೆ, ಏಕೆಂದರೆ ಆಮ್ಲಜನಕದ ಕೆಲಸವನ್ನು ಕಬ್ಬಿಣ ಚುರುಕುಗೊಳಿಸುತ್ತದೆ.

ಆದ್ದರಿಂದ ಒಳಗೆ ಬ್ರಶ್ ಹಾಕಬಾರದು, ಸ್ಟೀಲ್ ನಾರು ಹಾಕಬಾರದು, ಅಕ್ಕಿಕಾಳೋ ಮರಳೋ ಹಾಕಿ ಕುಲುಕಬಾರದು. ಬ್ಲೀಚ್ ಕೂಡದು, ಲೇಪದಲ್ಲಿ ಕಣ್ಣಿಗೆ ಕಾಣದ ಗೀರು ಇದ್ದರೂ ಕ್ಲೋರಿನ್ ಅಲ್ಲಿಂದ ತುಕ್ಕು ಶುರುಮಾಡುತ್ತದೆ. ಖಾಲಿಯಾದ ದಿನವೇ ಬೆಚ್ಚಗಿನ ನೀರಿನಲ್ಲಿ ಮೂರು ನಾಲ್ಕು ಸಲ ಕುಲುಕಿ ಚೆಲ್ಲಿದರೆ ಮುಕ್ಕಾಲು ಕೆಲಸ ಮುಗಿಯಿತು. ಒಣಗಿದ ಗಸಿ ಇದ್ದರೆ ಸೋಡಿಯಂ ಪರ್‌ಕಾರ್ಬೊನೇಟ್ ಲೀಟರಿಗೆ 4-5 ಗ್ರಾಂ, 45 ಡಿಗ್ರಿಯ ನೀರಿನಲ್ಲಿ ಕಲಸಿ 20 ನಿಮಿಷ ನಿಲ್ಲಿಸಿ, ಮೂರು ಸಲ ತೊಳೆಯಿರಿ. ರಾತ್ರಿಯೆಲ್ಲ ನೆನೆಯಲು ಬಿಡಬೇಡಿ.

ಆಮೇಲೆ ಮೊಬೈಲಿನ ಟಾರ್ಚನ್ನು ಬಿರಡೆಯ ತೂತಿಗೆ ಹಿಡಿದು ಒಳಗೆ ನೋಡಿ. ಮೇಲಿನ ತೂತಿನ ಅಂಚು, ನಲ್ಲಿ ಕೂರುವ ಜಾಗ, ತಳದ ಜೋಡಣೆಯ ಗೆರೆ, ಈ ಮೂರು ಕಡೆ ತುಕ್ಕು ಮೊದಲು ಕಾಣುತ್ತದೆ. ಹೊರಗಿನ ಅಂಚಿನಲ್ಲಿ ಸ್ವಲ್ಪ ಕೆಂಪಾಗಿದ್ದರೆ ಒರೆಸಿ ಬಳಸಬಹುದು. ಒಳಗೆ ಸಾಸಿವೆಯಷ್ಟು ಕಂದು ಚುಕ್ಕೆ ಕಂಡರೂ ಆ ಕೆಗ್ ಬಿಯರಿಗಲ್ಲ. ಎಷ್ಟು ಸಲ ಬಳಸಬಹುದು ಎಂದು ಕೇಳುವವರಿಗೆ ನಾನು ಎಣಿಕೆ ಹೇಳುವುದಿಲ್ಲ, ಪ್ರತಿ ಸಲ ಟಾರ್ಚ್ ಹಾಕಿ ನೋಡಿ ಎನ್ನುತ್ತೇನೆ. ಚೆನ್ನಾಗಿ ಒಣಗಿಸಿಟ್ಟ ಕೆಗ್ ಹಲವು ಸಲ ಬರುತ್ತದೆ. ಒದ್ದೆಯಾಗಿ ಬಿರಡೆ ಹಾಕಿಟ್ಟ ಕೆಗ್ ಮುಂದಿನ ಸಲಕ್ಕೇ ಹೋಗಿರುತ್ತದೆ. ತಲೆಕೆಳಗಾಗಿ ನೀರು ಬಸಿದು, ಹೇರ್ ಡ್ರೈಯರ್‌ನ ಬೆಚ್ಚನೆ ಗಾಳಿ ಐದು ನಿಮಿಷ ಕೊಟ್ಟು, ತೂತಿಗೆ ಬಟ್ಟೆ ಕಟ್ಟಿಡಿ.

ಬಿರಡೆ ತೆಗೆಯುವ ಮುಂಚೆ ಒಳಗಿನ ಒತ್ತಡ ಪೂರ್ತಿ ಹೋಗಿರಬೇಕು. ನಲ್ಲಿ ತೆರೆದು, ಮೇಲಿನ ಗಾಳಿಕಿಂಡಿಯನ್ನೂ ತಿರುಗಿಸಿ, ಸದ್ದು ನಿಂತ ಮೇಲೆ ಕೈ ಹಾಕಿ. ನಿಮ್ಮದು ಎರಡು ಭಾಗದ ಬಿರಡೆ: ಹೊರಗೆ ರಬ್ಬರ್ ಬಳೆ, ನಡುವೆ ಪ್ಲಾಸ್ಟಿಕ್ ತುಂಡು. ಪ್ಲಾಸ್ಟಿಕ್ ತುಂಡು ರಬ್ಬರನ್ನು ಅಗಲಿಸಿ ತಗಡಿಗೆ ಒತ್ತಿ ಹಿಡಿದಿರುತ್ತದೆ. ಅದನ್ನು ಮೊದಲು ತೆಗೆದರೆ ರಬ್ಬರ್ ತಾನಾಗಿ ಸಡಿಲವಾಗುತ್ತದೆ, ಮೂತಿ ಚೂಪಾದ ಇಕ್ಕಳದಲ್ಲಿ ಹಿಡಿದು ತಿರುಚುತ್ತಾ ಎಳೆದರೆ ಬರುತ್ತದೆ. ಎರಡನ್ನೂ ಒಟ್ಟಿಗೆ ಸ್ಕ್ರೂಡ್ರೈವರ್‌ನಿಂದ ಮೀಟಲು ಹೋಗಬೇಡಿ, ಜಾರಿದರೆ ತೂತಿನ ಅಂಚಿನ ಲೇಪ ಕಿತ್ತುಬರುತ್ತದೆ, ಮುಂದಿನ ತುಕ್ಕು ಅಲ್ಲಿಯೇ. ನಡುವಿನ ತುಂಡು ಒಳಗೆ ಬಿದ್ದರೆ ಗಾಬರಿ ಬೇಡ: ರಬ್ಬರ್ ಹೋದ ಮೇಲೆ ಕೆಗ್ ಬಗ್ಗಿಸಿ ಕುಲುಕಿದರೆ ತೂತಿನಿಂದ ಹೊರಬರುತ್ತದೆ.

ಹಳೆಯ ಬಿರಡೆ ಮತ್ತೆ ಹಾಕಬಹುದು, ಸೀಳಿರದಿದ್ದರೆ. ರಬ್ಬರನ್ನು ಬೆರಳಲ್ಲಿ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ, ಕೂದಲೆಳೆಯಂಥ ಬಿರುಕು ಇದ್ದರೂ ಎಸೆಯಿರಿ. ಸರಿಯಿದ್ದರೆ ಐದು ನಿಮಿಷ ಕುದಿಸಿ. ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಎಣ್ಣೆಯ ವಾಸನೆ ರಬ್ಬರಿನಿಂದ ಪೂರ್ತಿ ಹೋಗದು, ಅದರಿಂದ ಏಲ್‌ಗೆ ತೊಂದರೆಯೂ ಇಲ್ಲ. ಕೂರಿಸುವಾಗ ರಬ್ಬರ್ ಬಿಸಿಯಾಗಿ, ಒದ್ದೆಯಾಗಿ ಇರಲಿ. ಮೊದಲು ರಬ್ಬರ್ ಬಳೆಯನ್ನು ಅಂಚಿನ ತನಕ ಒತ್ತಿ, ಸುತ್ತಲೂ ಸಮನಾಗಿ ಕೂತಿದೆಯೇ ನೋಡಿ, ನಂತರ ಪ್ಲಾಸ್ಟಿಕ್ ತುಂಡನ್ನು ಅಂಗೈಯಿಂದ ನೇರವಾಗಿ ಅದುಮಿ. ಸುತ್ತಿಗೆ ಬೇಕಾಯಿತು ಎಂದರೆ ರಬ್ಬರ್ ಓರೆಯಾಗಿ ಕೂತಿದೆ ಎಂದೇ ಅರ್ಥ. ಹೊಸ ಬಿರಡೆ ತರುವುದಾದರೆ ತೂತಿನ ಅಗಲ ಅಳೆದುಕೊಂಡು ತನ್ನಿ, ಎಲ್ಲ ತಯಾರಕರ ತೂತೂ ಒಂದೇ ಅಳತೆಯದಲ್ಲ.

ಕೆಳಗಿನ ನಲ್ಲಿಯೇ ಹೆಚ್ಚು ಕಾಟ ಕೊಡುವುದು. ಅದರೊಳಗಿನ ಸಣ್ಣ ದಾರಿಯಲ್ಲಿ ಬಿಯರ್ ಒಣಗಿ ಅಂಟಾಗುತ್ತದೆ, ಅಲ್ಲಿ ಬೆಳೆದ ಬ್ಯಾಕ್ಟೀರಿಯಾ ಮುಂದಿನ 5 ಲೀಟರನ್ನು ಹುಳಿ ಮಾಡುತ್ತದೆ. ಬಿಚ್ಚಲು ಬರುವ ನಲ್ಲಿಯಾದರೆ ಬಿಚ್ಚಿ ನೆನೆಸಿ. ಬರದಿದ್ದರೆ ಬಲವಂತ ಬೇಡ: ಪರ್‌ಕಾರ್ಬೊನೇಟ್ ನೀರು ಕೆಗ್‌ನಲ್ಲಿದ್ದಾಗಲೇ ನಲ್ಲಿ ತೆರೆದು ಅರ್ಧ ಲೀಟರ್ ಹರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಹರಿಸಿ. ತೊಳೆದ ನೀರು, ಸ್ಯಾನಿಟೈಸರ್ ಎರಡನ್ನೂ ಹೀಗೇ ನಲ್ಲಿಯ ಮೂಲಕ ಬಿಡಿ. ಫಾಸ್ಫಾರಿಕ್ ಆಮ್ಲದ, ತೊಳೆಯದೆ ಬಿಡಬಹುದಾದ ಸ್ಯಾನಿಟೈಸರ್ ಆದರೆ ಡಬ್ಬಿಯ ಮೇಲಿನ ಅಳತೆಯಲ್ಲಿ ಕಲಸಿ ಎರಡು ಮೂರು ನಿಮಿಷ ಕುಲುಕಿ ಬಸಿದುಬಿಡಿ, ಆಮ್ಲ ತಗಡಿನಲ್ಲಿ ಗಂಟೆಗಟ್ಟಲೆ ನಿಲ್ಲಬಾರದು. ತುಂಬುವ ಹಿಂದಿನ ರಾತ್ರಿ ಕೆಗ್‌ಗೆ ನೀರು ತುಂಬಿ, ಬಿರಡೆ ಹಾಕಿ, ಕಾಗದದ ಮೇಲೆ ಅಡ್ಡ ಮಲಗಿಸಿಡಿ. ಬೆಳಗ್ಗೆ ಕಾಗದ ಒಣಗಿದ್ದರೆ ಮುಂದುವರಿಯಿರಿ.

ಒಂದು ಬಗೆಯ ಕೆಗ್‌ಗೆ ಇದಾವುದೂ ಅನ್ವಯಿಸದು. ಒಳಗೇ ಗ್ಯಾಸಿನ ಡಬ್ಬಿ ಕೂರಿಸಿ ಮೇಲಿನಿಂದ ಬಿಯರ್ ಬರುವಂತೆ ಮಾಡಿದ ಕೆಗ್‌ಗಳಿವೆ. ಅವನ್ನು ಒಂದೇ ಸಲಕ್ಕೆಂದು ಮಾಡಿರುತ್ತಾರೆ. ಕೊರೆದು ಬಿಚ್ಚಲು ಹೋಗಬೇಡಿ, ಖಾಲಿಯಾದಂತೆ ಕಂಡರೂ ಒಳಗಿನ ಡಬ್ಬಿಯಲ್ಲಿ ಒತ್ತಡ ಉಳಿದಿರಬಹುದು.

ಪೆಟ್‌ಪ್ರಿಯ:

ಉಳಿದ ಪಾತ್ರೆಗಳ ಬಗ್ಗೆ. 20 ಲೀಟರಿನಲ್ಲಿ ತಳದ ಗಸಿ ಬಿಟ್ಟರೆ 18ರಿಂದ 18.5 ಲೀಟರ್ ಸಿಕ್ಕೀತು. ಅಂದರೆ ಮೂರು ಕೆಗ್ ತುಂಬುತ್ತದೆ, ನಾಲ್ಕನೆಯದಕ್ಕೆ ಮೂರೂವರೆ ಲೀಟರ್ ಉಳಿಯುತ್ತದೆ. ಅದನ್ನು ಕೆಗ್‌ಗೆ ಹಾಕಬೇಡಿ, ಒಂದೂವರೆ ಲೀಟರ್ ಗಾಳಿಯ ಜೊತೆ ಮುಚ್ಚಿದ ಬಿಯರ್ ಮೂರು ವಾರದಲ್ಲಿ ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ. ಅಷ್ಟೂ ಸೋಡಾ ಬಾಟಲಿಗೆ.

ಸೋಡಾ ಬಾಟಲಿಯೇ ಆಗಬೇಕು, ಕುಡಿಯುವ ನೀರಿನ ಬಾಟಲಿ ಅಲ್ಲ. ತಂಪುಪಾನೀಯದಲ್ಲಿ 3.5ರಿಂದ 4 ವಾಲ್ಯೂಮ್ ಗ್ಯಾಸು ಇರುತ್ತದೆ, ಆ ಬಾಟಲಿ ಅದಕ್ಕೆಂದೇ ದಪ್ಪಗಿರುತ್ತದೆ, ತಳ ಐದು ಕಾಲಿನ ಹೂವಿನ ಆಕಾರದಲ್ಲಿರುತ್ತದೆ. ನಿಮ್ಮ ಲೀಟರಿಗೆ 7 ಗ್ರಾಂ ಸಕ್ಕರೆ ಇಲ್ಲಿ ಸರಿಯಾಗುತ್ತದೆ, ಬಿಯರ್ ನಿಜವಾಗಿ ಹುದುಗಿ ಮುಗಿದಿದ್ದರೆ. ಹಣ್ಣಿನ ವಾಸನೆಯ ಪಾನೀಯದ ಬಾಟಲಿ ಬಿಡಿ, ಪ್ಲಾಸ್ಟಿಕ್ ಆ ವಾಸನೆಯನ್ನು ಹೀರಿಕೊಂಡಿರುತ್ತದೆ, ಎಷ್ಟು ತೊಳೆದರೂ ಬಿಯರಿಗೆ ಬರುತ್ತದೆ. ಬರಿ ಸೋಡಾ ಇದ್ದ ಬಾಟಲಿ ಎಲ್ಲಕ್ಕಿಂತ ಒಳ್ಳೆಯದು. 60 ಡಿಗ್ರಿಗಿಂತ ಬಿಸಿ ನೀರು ಹಾಕಿದರೆ ಬಾಟಲಿ ಮುದುಡುತ್ತದೆ, ಮುದುಡಿದ್ದು ಒತ್ತಡ ತಾಳದು.

ಬಾಯಿಂದ ಮೂರು ಬೆರಳು ಬಿಟ್ಟು ತುಂಬಿ, ಬಿಯರ್ ಬಾಯಂಚಿಗೆ ಬರುವ ತನಕ ಬಾಟಲಿಯನ್ನು ಹಿಚುಕಿ, ಹಾಗೇ ಹಿಡಿದು ಮುಚ್ಚಳ ತಿರುಗಿಸಿ. ಗಾಳಿ ಹೊರಗೇ ಉಳಿಯಿತು. ಜೊತೆಗೆ ಒಂದು ಅಳತೆಗೋಲೂ ಸಿಕ್ಕಿತು: ಗ್ಯಾಸು ಹುಟ್ಟಿದಂತೆ ತಗ್ಗಿದ ಬಾಟಲಿ ಮೇಲೆದ್ದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದು ಕೆಗ್‌ಗೂ ಕೆಲಸಕ್ಕೆ ಬರುತ್ತದೆ. ತಗಡನ್ನು ಮುಟ್ಟಿ ಒಳಗೇನಾಗುತ್ತಿದೆ ಎಂದು ತಿಳಿಯಲಾಗದು. ಅದೇ ಬಿಯರ್, ಅದೇ ಲೀಟರಿಗೆ 3 ಗ್ರಾಂ ಸಕ್ಕರೆ ಹಾಕಿದ ಒಂದು ಚಿಕ್ಕ ಸೋಡಾ ಬಾಟಲಿಯನ್ನು ಕೆಗ್‌ಗಳ ಪಕ್ಕದಲ್ಲಿಟ್ಟರೆ ಅದು ಗಟ್ಟಿಯಾಗುವ ಬಗೆ ನೋಡಿ ಕೆಗ್‌ನ ಸ್ಥಿತಿ ಹೇಳಬಹುದು. ನಾಲ್ಕೇ ದಿನಕ್ಕೆ ಅದು ಬೆರಳಿಗೆ ಒಂಚೂರೂ ಬಗ್ಗದಿದ್ದರೆ ಕೆಗ್‌ಗಳನ್ನು ತಕ್ಷಣ ಫ್ರಿಜ್‌ಗೆ ಇಡಿ.

ಸೋಡಾ ಬಾಟಲಿಯ ಪೆಟ್ ಪ್ಲಾಸ್ಟಿಕ್ ಆಮ್ಲಜನಕವನ್ನು ನಿಧಾನವಾಗಿ ಒಳಕ್ಕೆ ಬಿಡುತ್ತದೆ, ಹಾಗಾಗಿ ಎರಡು ಮೂರು ತಿಂಗಳೊಳಗೆ ಮುಗಿಸಿ. ಬಿಳಿ, ಹಸಿರು ಬಾಟಲಿಗೆ ಬಿಸಿಲೂ ಟ್ಯೂಬ್‌ಲೈಟೂ ತಾಗಬಾರದು. ಬೆಳಕು ಹಾಪ್ಸಿನ ಕಹಿ ಅಂಶವನ್ನು ಒಡೆದು ಗಂಧಕದ ನಾತ ಹುಟ್ಟಿಸುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆ ಸಾಕು.

ಗಾಜಿನ ಜಾಡಿ ಬೇಡ. ರಬ್ಬರ್ ಉಂಗುರದ ಕೊಂಡಿ ಒಂದಿಷ್ಟು ಗ್ಯಾಸು ಬಿಡುತ್ತದೆ ಎನ್ನುವುದು ನಿಜ, ಆದರೆ ಎಷ್ಟಕ್ಕೆ ಬಿಡುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ, ಗಾಜೂ ಒತ್ತಡಕ್ಕೆ ಮಾಡಿದ್ದಲ್ಲ. ಚೌಕಾಕಾರದ ಅಲಂಕಾರಿಕ ಬಾಟಲಿ, ವೈನ್ ಬಾಟಲಿ, ಹಿಡಿಕೆಯ ಗಾಜಿನ ಗ್ರೌಲರ್ ಇವಕ್ಕೂ ಇದೇ ಮಾತು. ಗ್ರೌಲರ್ ಇರುವುದು ಮೊದಲೇ ಗ್ಯಾಸು ತುಂಬಿದ ತಣ್ಣನೆ ಬಿಯರನ್ನು ಒಂದೆರಡು ದಿನ ಇಡಲಿಕ್ಕೆ, ಒಳಗೆ ಸಕ್ಕರೆ ಹಾಕಿ ಹುದುಗಿಸಲಿಕ್ಕಲ್ಲ. ತಗಡು ಉಬ್ಬಿದರೆ ಬಿಯರ್ ಹೋಗುತ್ತದೆ, ಗಾಜು ಸಿಡಿದರೆ ಕಣ್ಣು ಹೋಗುತ್ತದೆ. ಶ್ಯಾಂಪೇನಿನ ಖಾಲಿ ಬಾಟಲಿ ಇದಕ್ಕೆ ಅಪವಾದ.

10 ಲೀಟರಿನ ಕ್ಯಾನ್‌ನ ಗೋಡೆ ಚಪ್ಪಟೆ. ಚಪ್ಪಟೆ ಗೋಡೆ ಅರ್ಧ ಬಾರ್‌ಗೇ ಹೊಟ್ಟೆ ಬಿಡುತ್ತದೆ, ಮುಚ್ಚಳದ ವಾಷರ್ ಸೋರುತ್ತದೆ. ಹುದುಗುಪಾತ್ರೆಯಾಗಿ ಇಟ್ಟುಕೊಳ್ಳಿ. ದೊಡ್ಡ ಪಾತ್ರೆಯೇ ಬೇಕಿದ್ದರೆ ವೈನ್ ಪೆಟ್ಟಿಗೆಯೊಳಗಿನ, ನಲ್ಲಿ ಇರುವ ಬೆಳ್ಳಿ ಬಣ್ಣದ ಚೀಲ ಕ್ಯಾನ್‌ಗಿಂತ ಎಷ್ಟೋ ಮೇಲು. ಸಕ್ಕರೆ ಹಾಕದೆ, ಪೂರ್ತಿ ಹುದುಗಿದ ಬಿಯರ್ ತುಂಬಿ, ಗಾಳಿಯನ್ನೆಲ್ಲ ಒತ್ತಿ ತೆಗೆದು ನಲ್ಲಿ ಮುಚ್ಚಿ ತಂಪಿನಲ್ಲಿಡಿ. ಬಿಯರ್ ಬಗ್ಗಿಸಿದಂತೆ ಚೀಲ ಕುಗ್ಗುತ್ತದೆ, ಗಾಳಿ ಒಳಗೆ ಬರುವುದೇ ಇಲ್ಲ. ಕುಡಿಯಲು ಸಿಗುವುದು ಹೆಚ್ಚು ಗುಳ್ಳೆಯಿಲ್ಲದ ಏಲ್. ಚೀಲ ಉಬ್ಬಿದ್ದು ಕಂಡರೆ ಚೀಲವನ್ನು ತಿರುಗಿಸಿ ನಲ್ಲಿ ಮೇಲಕ್ಕೆ ಬರುವಂತೆ ಹಿಡಿದು, ಒಂದು ಕ್ಷಣ ತೆರೆದು ಗ್ಯಾಸು ಬಿಡಿ.

ನೊರೆನಲ್ಲಿ:

ಒತ್ತಡ ಹೆಚ್ಚಾದಾಗ ತಾನಾಗಿ ಗ್ಯಾಸು ಬಿಡುವ ಬಿರಡೆಗಳು ಸಿಗುತ್ತವಲ್ಲ, ಅವನ್ನು ಹಾಕಿದರೆ ಇಷ್ಟೆಲ್ಲ ಲೆಕ್ಕ ಬೇಕಿಲ್ಲ. 35 ಗ್ರಾಂ ಹಾಕಿದರೂ ಹೆಚ್ಚಾದದ್ದು ಹೊರಗೆ ಹೋಗುತ್ತದೆ.

ಬಾರ್‌ಲೆಕ್ಕ:

ಅವನ್ನು ಹಾಕಿ, ಒಳ್ಳೆಯದು. ಆದರೆ ಅದು ಕೊನೆಯ ಕಾವಲು. ಕೆಗ್ ಮೇಲಿನ ತನಕ ತುಂಬಿದ್ದರೆ ಬಿರಡೆಯಿಂದ ಬರುವುದು ಗ್ಯಾಸಲ್ಲ, ನೊರೆ. ಆ ನೊರೆಯಲ್ಲಿರುವ ಯೀಸ್ಟೂ ಹಾಪ್ಸ್ ಚೂರೂ ಕಿಂಡಿಯಲ್ಲಿ ಒಣಗಿ ಗಟ್ಟಿಯಾದರೆ ಎರಡನೇ ಸಲ ಅದು ತೆರೆಯದು, ಅಥವಾ ತೆರೆದದ್ದು ಮುಚ್ಚದೆ ಇಡೀ ಕೆಗ್ ಚಪ್ಪೆಯಾಗುತ್ತದೆ. 35 ಗ್ರಾಂ ಹಾಕಿ ಬಿರಡೆಯನ್ನು ನಂಬಿ ಕೂರುವುದಕ್ಕಿಂತ 15 ಗ್ರಾಂ ಹಾಕಿ ಅದೇ ಬಿರಡೆ ಹಾಕುವುದು ಸರಿ.

ತುಂಬುವ ಮಟ್ಟದ ಬಗ್ಗೆಯೂ ಹೇಳಿಬಿಡುತ್ತೇನೆ. 20 ಡಿಗ್ರಿಯಿಂದ 35ಕ್ಕೆ ಏರಿದರೆ 5 ಲೀಟರ್ ಬಿಯರ್ 20 ಮಿಲಿ ಹಿಗ್ಗುತ್ತದೆ. ಜಾಗವಿಲ್ಲದೆ ಹಿಗ್ಗುವ ದ್ರವಕ್ಕೆ ತಗಡು ಎದುರಲ್ಲ. 150 ಮಿಲಿ ಖಾಲಿ ಬಿಡಿ. ಒಳಗೆ ಕಾಣದ ಪಾತ್ರೆಯಾದ್ದರಿಂದ ಕಣ್ಣಂದಾಜಿಗಿಂತ ತಕ್ಕಡಿ ವಾಸಿ: ಖಾಲಿ ಕೆಗ್ ಇಟ್ಟು ಸೊನ್ನೆ ಮಾಡಿ, ಸಕ್ಕರೆ ನೀರೂ ಸೇರಿ 4.9 ಕಿಲೋ ಆದಾಗ ಸೈಫನ್ ನಿಲ್ಲಿಸಿ. ಸೈಫನ್ ಕೊಳವೆಯ ತುದಿ ಕೆಗ್‌ನ ತಳ ಮುಟ್ಟಿರಲಿ, ಮೇಲಿನಿಂದ ಸುರಿದರೆ ಬಿಯರ್ ಗಾಳಿ ಕುಡಿಯುತ್ತದೆ.

ತಳದಗಸಿ:

ತುಂಬಾ ಉಪಯೋಗವಾಯಿತು. ಮಾದರಿಯನ್ನು 20 ಡಿಗ್ರಿಗೆ ತಣಿಸಿ, ಗ್ಯಾಸು ಬಿಡಿಸಿ ಓದಿದರೆ 1.015 ಬಂತು. ಯೀಸ್ಟ್ ಪರೀಕ್ಷೆಗೆ ಇಟ್ಟಿದ್ದೇನೆ. ಇನ್ನೆರಡು ಪ್ರಶ್ನೆ: ಎಷ್ಟು ಎಚ್ಚರವಿದ್ದರೂ ತಳ ಉಬ್ಬಿದ್ದು ಕಂಡರೆ ಏನು ಮಾಡಬೇಕು? ಬಗ್ಗಿಸುವಾಗ ಗ್ಯಾಸು ಬುಲೆಟ್ (ಕಾರ್ಬನ್ ಡೈಆಕ್ಸೈಡ್ ತುಂಬಿದ ಪುಟ್ಟ ಲೋಹದ ಸಿಲಿಂಡರ್) ಬೇಕೇ, ಕೆಳಗಿನ ನಲ್ಲಿಯೇ ಸಾಕೇ?

ಬಾರ್‌ಲೆಕ್ಕ:

1.048ರಿಂದ 1.015 ಎಂದರೆ 69 ಶೇಕಡಾ ಇಳಿದಿದೆ. ಹೆಚ್ಚಿನ ಏಲ್ ಯೀಸ್ಟ್ 75ರ ಆಸುಪಾಸು ಹೋಗುತ್ತದೆ, ಅಂದರೆ 1.012. ಪಾತ್ರೆಯನ್ನು ಮೆಲ್ಲಗೆ ತಿರುವಿ ತಳದ ಯೀಸ್ಟ್ ಎಬ್ಬಿಸಿ, ಕಾಯಿರಿ.

ಉಬ್ಬಿದ ಕೆಗ್‌ನ ಬಿರಡೆಗೆ ಆ ಕ್ಷಣವೇ ಕೈ ಹಾಕಬೇಡಿ, ಮೇಲೆ ಮುಖ ತರಬೇಡಿ. ದಪ್ಪ ಟವೆಲ್ ಹೊದಿಸಿ, ಅಲುಗಾಡಿಸದೆ ಫ್ರಿಜ್‌ಗೋ ಐಸ್ ನೀರಿನ ಬಕೆಟ್‌ಗೋ ಇಳಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ತಣ್ಣನೆ ಬಿಯರ್ ಗ್ಯಾಸನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. 28 ಡಿಗ್ರಿಯಲ್ಲಿ 5.5 ಬಾರ್ ಇದ್ದದ್ದು 2 ಡಿಗ್ರಿಗೆ ಇಳಿದಾಗ 2 ಬಾರ್‌ಗಿಂತ ಕೆಳಗೆ ಬರುತ್ತದೆ. ಆಗ ಗಾಳಿಕಿಂಡಿಯನ್ನು ಬಟ್ಟೆಯೊಳಗಿಂದ ಕೂದಲಷ್ಟು ತೆರೆದು ಮುಚ್ಚಿ, ಐದು ನಿಮಿಷ ಬಿಟ್ಟು ಮತ್ತೆ. ಬಿಯರ್ ಕುಡಿಯಬಹುದು. ಕೆಗ್ ಮಾತ್ರ ಗುಜರಿಗೆ: ತಳವನ್ನು ಬಡಿದು ಒಳಕ್ಕೆ ಕೂರಿಸಿದರೂ ಮಡಿಕೆಯಲ್ಲಿ ಲೇಪ ಸೀಳಿರುತ್ತದೆ, ಲೋಹವೂ ದಣಿದಿರುತ್ತದೆ.

ನೊರೆನಲ್ಲಿ:

ಬಿರಡೆಯ ವಿಷಯದಲ್ಲಿ ತಿದ್ದಿದ್ದು ಸರಿ. ಬಗ್ಗಿಸುವುದರ ಬಗ್ಗೆ ನಾನು ಹೇಳುತ್ತೇನೆ.

ಎರಡು ವಾರ ಕೋಣೆಯಲ್ಲಿ, ಆಮೇಲೆ ಎರಡು ದಿನ ಫ್ರಿಜ್‌ನಲ್ಲಿ ನೆಟ್ಟಗೆ. ಕೆಗ್ ಎಲ್ಲಿಂದ ಬಗ್ಗಿಸಬೇಕೋ ಅಲ್ಲಿಯೇ ಮೊದಲೇ ಇಡಿ, ಹೊತ್ತು ತಂದರೆ ಗಸಿ ಏಳುತ್ತದೆ. ನಲ್ಲಿಯನ್ನು ಪೂರ್ತಿ ತೆರೆಯಿರಿ. ಅರ್ಧ ತೆರೆದ ನಲ್ಲಿಯ ಸಂದಿನಲ್ಲಿ ಬಿಯರ್ ನುಗ್ಗುವಾಗ ಗ್ಯಾಸು ಕಳಚಿಕೊಂಡು ಬರೀ ನೊರೆಯಾಗುತ್ತದೆ. ಮೊದಲ ಲೋಟ ಗಸಿಯಿಂದ ಮಬ್ಬಾಗಿರುತ್ತದೆ, ಅದನ್ನು ಬದಿಗಿಡಿ.

ಮೊದಮೊದಲು ಬಿಯರ್ ತಾನಾಗಿಯೇ ಬರುತ್ತದೆ. ಧಾರೆ ಸಣ್ಣಗಾದ ಮೇಲೆ ಗಾಳಿಕಿಂಡಿ ತೆರೆದರೆ ಉಳಿದದ್ದೂ ಬರುತ್ತದೆ, ಆದರೆ ಬಂದ ಜಾಗಕ್ಕೆಲ್ಲ ಗಾಳಿ ತುಂಬುತ್ತದೆ. ಅಂದೇ ಅಥವಾ ಮರುದಿನ ಮುಗಿಸುವುದಾದರೆ ಇಷ್ಟೇ ಸಾಕು. ಕೈಪಂಪಿನ ಟ್ಯಾಪ್‌ಗೂ ಇದೇ ಅವಧಿ, ಅದೂ ತುಂಬುವುದು ಗಾಳಿಯನ್ನೇ.

ವಾರಗಟ್ಟಲೆ ಇಟ್ಟುಕೊಂಡು ಕುಡಿಯುವುದಾದರೆ ಮೇಲಿನ ತೂತಿಗೆ ಕೂರುವ, ರೆಗ್ಯುಲೇಟರ್ ಇರುವ ಟ್ಯಾಪ್ ಮತ್ತು 16 ಗ್ರಾಂ ಬುಲೆಟ್ ಬೇಕು. ಲೆಕ್ಕ ಹೀಗೆ: 5 ಡಿಗ್ರಿಯಲ್ಲಿ ಖಾಲಿಯಾದ 5 ಲೀಟರ್ ಜಾಗವನ್ನು ಹೊರಗಿಗಿಂತ 0.7 ಬಾರ್ ಹೆಚ್ಚಿನ ಒತ್ತಡದಲ್ಲಿ ತುಂಬಲು ಸುಮಾರು 16 ಗ್ರಾಂ ಗ್ಯಾಸು ಬೇಕು. ಅಂದರೆ ಒಂದು ಬುಲೆಟ್ ಹೆಚ್ಚುಕಡಿಮೆ ಒಂದು ಕೆಗ್‌ಗೆ ಸಾಲುತ್ತದೆ, ರೆಗ್ಯುಲೇಟರನ್ನು ಹೆಚ್ಚು ತಿರುಗಿಸಿದರೆ ಎರಡು ಬೇಕಾಗುತ್ತದೆ. ಬುಲೆಟ್‌ಗಳಲ್ಲಿ ತಿರುಪು ಇರುವುದು, ಇಲ್ಲದಿರುವುದು ಎರಡೂ ಇವೆ, ಟ್ಯಾಪ್ ನೋಡಿ ಕೊಳ್ಳಿ. ಕ್ರೀಮ್ ನೊರೆ ಬರಿಸುವ 8 ಗ್ರಾಂ ಬುಲೆಟ್ ನೋಡಲು ಸೋಡಾ ಬುಲೆಟ್ ಹಾಗೆಯೇ ಇರುತ್ತದೆ, ಅದರಲ್ಲಿರುವುದು ನೈಟ್ರಸ್ ಆಕ್ಸೈಡ್, ಬಿಯರಿಗೆ ಹಾಕಬಾರದು. ಏರ್‌ಗನ್ನಿನ ಬುಲೆಟ್ ಕೆಲವದರಲ್ಲಿ ಎಣ್ಣೆ ಇರುತ್ತದೆ, ನೊರೆ ಕೂಡಲೇ ಸತ್ತುಹೋಗುತ್ತದೆ. ಆಹಾರಕ್ಕೆ ಎಂದು ಬರೆದದ್ದೇ ಬೇಕು.

ತಳದಗಸಿ:

ಪರೀಕ್ಷೆಯ ಮಾದರಿ 1.011ಕ್ಕೆ ಇಳಿದು ನಿಂತಿತು. ಪಾತ್ರೆ ತಿರುವಿದ ಮೇಲೆ ಬಿಯರ್ 1.013ಕ್ಕೆ ಬಂದಿದೆ, ಇನ್ನೂ ಇಳಿಯುತ್ತಿದೆ. ಒಂದು ಕೆಗ್‌ನ ನಲ್ಲಿಯ ಬುಡದಲ್ಲಿ ಒಳಗೆ ಕಂದು ಚುಕ್ಕೆ ಕಂಡಿತು, ಅದನ್ನು ಬದಿಗಿಟ್ಟೆ. ಹೇಗೂ ಮೂರೇ ಬೇಕಿತ್ತು.

ಬಿರಡೆಭದ್ರ:

ಆ ಕೆಗ್‌ನ ನಲ್ಲಿ ಮತ್ತು ಬಿರಡೆ ಎಸೆಯಬೇಡಿ. ನಲ್ಲಿಯನ್ನು ಒಳಗಿನಿಂದ ತಳ್ಳಿ ತೆಗೆಯಲು ಈ ಹಾಳಾದ ಕೆಗ್‌ನ ಮೇಲೆಯೇ ಪ್ರಯತ್ನಿಸಿ ನೋಡಿ. ತಗಡು ಕತ್ತರಿಸಿದರೂ ನಷ್ಟವಿಲ್ಲ, ಆ ನಲ್ಲಿ ಹೇಗೆ ಕೂತಿದೆ ಎಂಬುದು ಗೊತ್ತಾದರೆ ಉಳಿದ ಮೂರನ್ನು ಪೆಟ್ಟಾಗದಂತೆ ಬಿಚ್ಚಿ ತೊಳೆಯಬಹುದು. ಕತ್ತರಿಸುವ ಮುಂಚೆ ಬಿರಡೆ ತೆಗೆದಿರಬೇಕು, ಕೈಗೆ ದಪ್ಪ ಗವಸು ಇರಬೇಕು, ತವರ ತಗಡಿನ ಅಂಚು ಬ್ಲೇಡಿನಷ್ಟೇ ಹರಿತ.